ಅಪ್ಪನ ಹಳೆ ಕ್ಯಾಮೆರಾ, ಹೊಸ ಲ್ಯಾಪ್‌ಟಾಪ್: ಫೋಟೋ ತೆಗೆಯುವುದು ಹೇಗೆ?

ಪ್ರಶ್ನೆ: ಸರ್, ನಮ್ಮ ಅಪ್ಪ 2007ರಲ್ಲಿ ತಗೊಂಡಿದ್ದ ಸೋನಿ ಸೈಬರ್‌ಶಾಟ್ ಕ್ಯಾಮೆರಾ ಮೊನ್ನೆ ಸಾಗರದ ಮನೆಯ ಬೀರುವಿನಲ್ಲಿ ಸಿಕ್ಕಿತು. ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ಅಕ್ಕನ ಮದುವೆ, ಗೃಹಪ್ರವೇಶ ಎಲ್ಲ ಅದರಲ್ಲೇ ಇರಬೇಕು. ಕೇಬಲ್ ಕಳೆದುಹೋಗಿದೆ. ಜೊತೆಗೆ ಬಂದ ಸಿಡಿ ಇದೆ, ಆದರೆ ನನ್ನ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಇರುವುದು ಎರಡು ಟೈಪ್-ಸಿ ಪೋರ್ಟ್ ಮತ್ತು ಒಂದು ಎಸ್‌ಡಿ ಸ್ಲಾಟ್. ಕ್ಯಾಮೆರಾದ ಕಾರ್ಡ್ ಅದರಲ್ಲಿ ಸರಿಯಾಗಿ ಕೂರುತ್ತಿಲ್ಲ. ಪರಿಚಯದ ಅಂಗಡಿಯಲ್ಲಿ ಹಾಕಿ ನೋಡಿದಾಗ ‘ಫಾರ್ಮ್ಯಾಟ್ ಮಾಡಬೇಕು’ ಅಂತ ಬಂತು. ಮಾಡಿಸಲಾ?

ಉತ್ತರ: ಬೇಡ. ದಯವಿಟ್ಟು ಮಾಡಿಸಬೇಡಿ.

ಕೇಬಲ್ ಇಲ್ಲ, ಸಿಡಿ ಹಾಕಲು ಆಗಲ್ಲ, ಪೋರ್ಟ್ ಬೇರೆ ಅಂತ ನಿಮಗೆ ಮೂರು ಚಿಂತೆ. ಮೂರಕ್ಕೂ ದಾರಿ ಇದೆ, ಅದೇನು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಕೇಬಲ್ ಇನ್ನೊಂದು ಸಿಗುತ್ತದೆ. ಸಿಡಿ ಬೇಕಾಗಿಯೇ ಇಲ್ಲ. ಕ್ಯಾಮೆರಾ ಪೂರ್ತಿ ಕೆಟ್ಟಿದ್ದರೂ ನಡೆಯುತ್ತದೆ. ಹೋದರೆ ವಾಪಸ್ ಬಾರದ ವಸ್ತು ಒಂದೇ, ಒಳಗಿರುವ ಆ ಪುಟ್ಟ ಕಾರ್ಡ್. ಹಾಗಾಗಿ ಇವತ್ತಿನಿಂದ ಅದರ ಮೇಲೆ ಹೊಸದಾಗಿ ಏನೂ ಬರೆಯುವಂತಿಲ್ಲ. ಕ್ಯಾಮೆರಾ ಕೆಲಸ ಮಾಡುತ್ತಾ ನೋಡೋಣ ಅಂತ ಒಂದು ಫೋಟೋ ತೆಗೆಯುವುದು, ಮಸುಕಾದ ಚಿತ್ರ ಅಳಿಸುವುದು, ಅಡ್ಡ ಇರುವುದನ್ನು ಕ್ಯಾಮೆರಾದಲ್ಲೇ ತಿರುಗಿಸುವುದು, ಇವೆಲ್ಲ ಕಾರ್ಡಿನ ಮೇಲೆ ಬರೆಯುವ ಕೆಲಸವೇ. ಇವ್ಯಾವುವೂ ಸದ್ಯಕ್ಕೆ ಬೇಡ.

ಫಾರ್ಮ್ಯಾಟ್ ಮಾಡಿ ಅಂತ ವಿಂಡೋಸ್ ಯಾಕೆ ಕೇಳುತ್ತದೆ ಗೊತ್ತಾ? ಒಂದು ಕಾರ್ಡ್ ಹಾಕಿದ್ದಾರೆ ಅಂತ ಅದಕ್ಕೆ ಕಾಣುತ್ತದೆ, ಒಳಗೆ ಏನಿದೆ ಅಂತ ಓದಲು ಆಗುತ್ತಿಲ್ಲ. ಅಷ್ಟೇ ಅದರ ಅರ್ಥ. ಕಾರ್ಡ್ ಖಾಲಿ ಅಂತ ಅಲ್ಲ, ಕೆಟ್ಟಿದೆ ಅಂತಲೂ ಅಲ್ಲ. ಅಂಗಡಿಯವರ ರೀಡರ್, ಅಂದರೆ ಕಾರ್ಡ್ ಓದುವ ಸಾಧನ, ತುಂಬಾ ಹಳೆಯದಿರಬಹುದು. ಸೋನಿಯವರು ತಮ್ಮ ಕ್ಯಾಮೆರಾಗಳಿಗೆ ಮಾಡಿದ ಮೆಮೊರಿ ಸ್ಟಿಕ್ ಅನ್ನುವ ಕಾರ್ಡ್ 1998ರಲ್ಲಿ ಬಂತು, ಜಾಸ್ತಿ ಹಿಡಿಸುವ ‘ಪ್ರೊ’ ನಮೂನೆ ಬಂದದ್ದು 2003ರಲ್ಲಿ. ಮೊದಲಿನದಕ್ಕೆಂದೇ ಮಾಡಿದ ರೀಡರ್ ಪ್ರೊ ಕಾರ್ಡನ್ನು ಓದುವುದಿಲ್ಲ. ಇಲ್ಲವೇ ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಕಾರ್ಡಿನ ಹಿಂಬದಿಯ ಬಂಗಾರದ ಬಣ್ಣದ ಪಟ್ಟಿಗಳ ಮೇಲೆ ಮಬ್ಬು ಕೂತಿರಬಹುದು. ಅದೂ ಅಲ್ಲದಿದ್ದರೆ, ಯಾವ ಫೋಟೋ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಕಾರ್ಡಿನಲ್ಲಿ ಒಂದು ಲೆಕ್ಕ ಬರೆದಿರುತ್ತದೆ, ಆ ಲೆಕ್ಕ ಕೆಟ್ಟಿರಬಹುದು. ಲೆಕ್ಕದ ಪುಸ್ತಕ ಹರಿದರೆ ಕಣಜದ ಭತ್ತ ಖಾಲಿಯಾಗುವುದಿಲ್ಲವಲ್ಲ, ಹಾಗೆಯೇ ಇದು. ಭತ್ತ ಅಲ್ಲೇ ಇದೆ. ಫಾರ್ಮ್ಯಾಟ್ ಮಾಡಿದರೆ ಹಳೇ ಲೆಕ್ಕ ಹರಿದೆಸೆದು ಹೊಸ ಖಾಲಿ ಪುಸ್ತಕ ಇಟ್ಟ ಹಾಗೆ. ಆಮೇಲೆ ಬರೆಯುವ ಪ್ರತಿಯೊಂದು ಫೈಲೂ ಹಳೆ ಫೋಟೋದ ಮೇಲೆ ಕೂರಬಹುದು. ‘ಸ್ಕ್ಯಾನ್ ಮಾಡಿ ಸರಿಪಡಿಸಲೇ’ ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ಕೇಳಲು ಒಳ್ಳೆಯದೆನಿಸಿದರೂ ಅದಕ್ಕೂ ಬೇಡ ಅನ್ನಿ. ಅದೂ ಕಾರ್ಡಿನ ಮೇಲೆಯೇ ತಿದ್ದುತ್ತದೆ, ಕೆಲವೊಮ್ಮೆ ಇಡೀ ಫೋಟೋಗಳನ್ನು ಹೆಸರಿಲ್ಲದ ಚೂರುಗಳನ್ನಾಗಿ ಮಾಡಿಬಿಡುತ್ತದೆ.

ಹಾಗಂತ ಮುಂದಿನ ದೀಪಾವಳಿಗೆ ಊರಿಗೆ ಹೋದಾಗ ನೋಡೋಣ ಅಂತ ಮತ್ತೆ ಬೀರುವಿಗೆ ಸೇರಿಸಬೇಡಿ. ಇಂಥ ಕಾರ್ಡಿನಲ್ಲಿ ಫೋಟೋ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುತ್ತು. ಅದು ವರ್ಷ ಕಳೆದ ಹಾಗೆ ನಿಧಾನಕ್ಕೆ ಸೋರುತ್ತದೆ, ಸೆಕೆಯಲ್ಲಿಟ್ಟರೆ ಇನ್ನೂ ಬೇಗ. ಹದಿನೈದು ವರ್ಷ ದಾಟಿದ ಕಾರ್ಡುಗಳು ಚೆನ್ನಾಗಿ ಓದಿಕೊಂಡದ್ದನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮದೂ ಹಾಗೇ ಇರಬಹುದು. ಆದರೆ ಅದೃಷ್ಟದ ಮೇಲೆ ಬಿಟ್ಟು ಇನ್ನೊಂದು ವರ್ಷ ಕಾಯುವುದು ಬೇಡ.

ಮೊದಲು ಕ್ಯಾಮೆರಾವನ್ನೇ ಕೇಳಿ. ಬ್ಯಾಟರಿ ಹೊರಗೆ ತೆಗೆದು ಮೇಜಿನ ಮೇಲೆ ಮಲಗಿಸಿ ನೋಡಿ. ಹೊಟ್ಟೆ ಉಬ್ಬಿದ್ದರೆ ಅದನ್ನು ಚಾರ್ಜ್‌ಗೆ ಹಾಕಲೇಬೇಡಿ, ಬೆಂಕಿಯ ಅಪಾಯ ಇದೆ. ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಸರಿಯಿದ್ದರೆ ಅದರದೇ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ, ಕಾರ್ಡ್ ಹಾಕಿ, ಫೋಟೋ ನೋಡುವ ಗುಂಡಿ ಒತ್ತಿ. ಕ್ಯಾಮೆರಾದ ಪರದೆಯಲ್ಲಿ ಫೋಟೋ ಬಂದರೆ ಅರ್ಧ ಗೆದ್ದ ಹಾಗೆ. ತೊಂದರೆ ಇರುವುದು ಅಂಗಡಿಯ ರೀಡರ್‌ನಲ್ಲಿ, ಕಾರ್ಡಿನಲ್ಲಲ್ಲ. ದಿನಾಂಕ ಹೊಂದಿಸಿ ಅಂತ ಕೇಳಿದರೆ ಗಾಬರಿಯಾಗಬೇಡಿ, ಗಡಿಯಾರ ನಡೆಸುವ ಒಳಗಿನ ಚಿಕ್ಕ ಬ್ಯಾಟರಿ ಇಳಿದಿದೆ, ಅಷ್ಟೇ. ಕ್ಯಾಮೆರಾ ಹತ್ತಲೇ ಇಲ್ಲ ಅಂದರೂ ನಷ್ಟವಿಲ್ಲ, ಮುಂದಕ್ಕೆ ಹೋಗೋಣ.

ನಿಮ್ಮ ಕಾರ್ಡ್ ಬಹುಮಟ್ಟಿಗೆ ಮೆಮೊರಿ ಸ್ಟಿಕ್ ಡ್ಯುವೊ ಅಥವಾ ಪ್ರೊ ಡ್ಯುವೊ. ಕಾರ್ಡಿನ ಮೇಲೆಯೇ ಬರೆದಿರುತ್ತದೆ, ಓದಿಕೊಳ್ಳಿ. ಅದನ್ನು ಲ್ಯಾಪ್‌ಟಾಪಿನ ಎಸ್‌ಡಿ ಸ್ಲಾಟಿಗೆ ಇನ್ನೊಮ್ಮೆ ಹಾಕಲು ನೋಡಬೇಡಿ. ಎಸ್‌ಡಿ ಕಾರ್ಡ್ 24 ಮಿಲಿಮೀಟರ್ ಅಗಲ, ನಿಮ್ಮದು 20. ಹಾಗಾಗಿ ಒಳಗೆ ನುಗ್ಗುತ್ತದೆ, ಆದರೆ ಓದುವುದಿಲ್ಲ. ಒಳಗೇ ಸಿಕ್ಕಿಕೊಂಡು ಚಿಮ್ಮಟದಿಂದ ಎಳೆಯುವ ಪರಿಸ್ಥಿತಿ ಬಂದರೆ ಕಾರ್ಡಿಗೂ ಪೆಟ್ಟು, ಲ್ಯಾಪ್‌ಟಾಪಿಗೂ ಪೆಟ್ಟು.

ನಿಮಗೆ ಬೇಕಾದದ್ದು ಒಂದು ಯುಎಸ್‌ಬಿ ಕಾರ್ಡ್ ರೀಡರ್. ಈಗ ಎಲ್ಲ ಕಡೆ ಸಿಗುವ ಎಸ್‌ಡಿ, ಮೈಕ್ರೊ ಎಸ್‌ಡಿ ಎರಡೇ ತೂತಿನದು ಆಗುವುದಿಲ್ಲ. ‘ಆಲ್ ಇನ್ ಒನ್’ ಅಂತ ನಾಲ್ಕೈದು ಸ್ಲಾಟ್ ಇರುವುದು ಬೇಕು, ಅದರ ಮೇಲೆ ‘ಎಂಎಸ್ ಪ್ರೊ ಡ್ಯುವೊ’ ಅಂತ ಬರೆದಿರಬೇಕು. ಬೆಂಗಳೂರಿಗೆ ಬರುವವರಿದ್ದರೆ ಎಸ್.ಪಿ. ರೋಡಿನಲ್ಲಿ ಕೇಳಿಸಿ, ಆನ್‌ಲೈನಿನಲ್ಲೂ ಹುಡುಕಬಹುದು. ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಮಾತ್ರ ಇರುವುದರಿಂದ, ಫೋನಿಗೆ ಪೆನ್‌ಡ್ರೈವ್ ಹಾಕಲು ಬಳಸುತ್ತೇವಲ್ಲ, ಆ ಓಟಿಜಿ ಕನೆಕ್ಟರ್ ಒಂದನ್ನು ಮಧ್ಯೆ ಹಾಕಿದರೆ ಸಾಕು. ಇನ್ನೊಂದು ದಾರಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ನೆಂಟರ ಮನೆಯಲ್ಲಿ ಯಾರದಾದರೂ ಹಳೆಯ ಪಿಎಸ್‌ಪಿ, ಅಂದರೆ ಕೈಯಲ್ಲಿ ಹಿಡಿದು ಆಡುವ ಸೋನಿಯ ಗೇಮ್ ಯಂತ್ರ, ಇದ್ದರೆ ಅದಕ್ಕೂ ಇದೇ ಪ್ರೊ ಡ್ಯುವೊ ಕಾರ್ಡ್. ಅದರಲ್ಲಿ ಕಾರ್ಡ್ ಹಾಕಿ, ಸಾಮಾನ್ಯ ಮಿನಿ ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಮೆನುವಿನಲ್ಲಿ ಯುಎಸ್‌ಬಿ ಆರಿಸಿದರೆ ಅದೇ ಕಾರ್ಡ್ ರೀಡರ್ ಆಗುತ್ತದೆ.

ಕೇಬಲ್‌ಗಿಂತ ರೀಡರ್ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಕೇಬಲ್ ಹಾಕಿದರೆ ಹಳೆಯ ಕ್ಯಾಮೆರಾ ಕಾಪಿ ಮುಗಿಯುವ ತನಕ ಹತ್ತಿಕೊಂಡೇ ಇರಬೇಕು. ಹಳೆಯ ಬ್ಯಾಟರಿ ಮಧ್ಯೆ ಕೈಕೊಡುತ್ತದೆ. ರೀಡರ್‌ಗೆ ಕರೆಂಟ್ ಲ್ಯಾಪ್‌ಟಾಪಿನಿಂದಲೇ ಬರುತ್ತದೆ. ಕೇಬಲ್ ಮೂಲಕ ಕೆಲವು ಕ್ಯಾಮೆರಾಗಳು ತಮಗೆ ಗುರುತು ಸಿಕ್ಕ ಫೋಟೋಗಳನ್ನು ಮಾತ್ರ ತೋರಿಸುತ್ತವೆ. ರೀಡರ್‌ನಲ್ಲಾದರೆ ಕಾರ್ಡಿನಲ್ಲಿ ಇದ್ದದ್ದೆಲ್ಲ ಕಾಣುತ್ತದೆ.

ಕಾರ್ಡ್ ಹಾಕುವ ಮೊದಲು ಹಿಂಬದಿಯ ಪಟ್ಟಿಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಮಬ್ಬು ಹೋಗದಿದ್ದರೆ ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪವೇ ಮುಟ್ಟಿಸಿ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ. ಹಿಂದೆ ಸಣ್ಣ ಲಾಕ್ ಇದ್ದರೆ ಪೆನ್ನಿನ ತುದಿಯಿಂದ ಸರಿಸಿ ಲಾಕ್ ಮಾಡಿ. ಎಸ್‌ಡಿ ಕಾರ್ಡ್ ಇರುವವರಿಗೂ ಇದೇ ಮಾತು, ಅದರ ಎಡಬದಿಯಲ್ಲಿ ಪುಟ್ಟ ಗುಂಡಿ ಇದೆಯಲ್ಲ, ಅದನ್ನು ಕೆಳಗೆ ಎಳೆಯಿರಿ. ಯಾಕೆಂದರೆ ಕಂಪ್ಯೂಟರ್ ಕಾರ್ಡ್ ಕಂಡ ಕೂಡಲೇ ತನ್ನದೇ ಗುಟ್ಟಿನ ಒಂದೆರಡು ಫೈಲ್ ಅದರ ಮೇಲೆ ಬರೆಯುತ್ತದೆ. ಲಾಕ್ ಇದ್ದರೆ ಬರೆಯಲು ಬಿಡುವುದಿಲ್ಲ.

ಈಗ ಕಾಪಿ. ಲ್ಯಾಪ್‌ಟಾಪಿನಲ್ಲಿ ಹೊಸ ಫೋಲ್ಡರ್ ಮಾಡಿ, ‘ಅಪ್ಪನ ಸೋನಿ, ಕಾರ್ಡ್ 1’ ಅಂತ ಹೆಸರಿಡಿ. ಕಾರ್ಡ್ ತೆರೆದರೆ ಡಿಸಿಐಎಂ ಅಂತ ಒಂದು ಫೋಲ್ಡರ್ ಕಾಣುತ್ತದೆ. ನಿಮ್ಮ ಈಗಿನ ಫೋನಿನಲ್ಲೂ ಅದೇ ಹೆಸರು ಇದೆ, ನೋಡಿ. 1990ರ ದಶಕದ ಕೊನೆಯಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳು ಒಪ್ಪಿಕೊಂಡ ಪದ್ಧತಿ ಅದು, ಇವತ್ತಿಗೂ ನಡೆಯುತ್ತಿದೆ. ಅದಕ್ಕೇ ಸಿಡಿ ಬೇಡ ಅಂದದ್ದು. ಆ ಸಿಡಿಯಲ್ಲಿದ್ದ ಡ್ರೈವರ್ ಹೆಚ್ಚಾಗಿ ವಿಂಡೋಸ್ 98 ಕಾಲದವರಿಗೆ ಬೇಕಿತ್ತು. ಆಮೇಲಿನ ವಿಂಡೋಸ್‌ಗೆ ಈ ಕಾರ್ಡುಗಳನ್ನು ಪೆನ್‌ಡ್ರೈವ್ ಹಾಗೆ ಓದುವುದು ತಾನಾಗಿಯೇ ಗೊತ್ತು. ಡಿಸಿಐಎಂ ಒಳಗೆ 101ಎಂಎಸ್‌ಡಿಸಿಎಫ್ ಅಂತ ಒಂದು ಫೋಲ್ಡರ್, ಅದರೊಳಗೆ ಫೋಟೋಗಳು.

ಆದರೆ ಡಿಸಿಐಎಂ ಒಂದನ್ನೇ ಕಾಪಿ ಮಾಡಬೇಡಿ. ಕಾರ್ಡಿನಲ್ಲಿ ಕಾಣುವ ಎಲ್ಲ ಫೋಲ್ಡರನ್ನೂ ಒಟ್ಟಿಗೆ ಆರಿಸಿ ಕಾಪಿ ಮಾಡಿ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಸೋನಿಯ ಹಳೆಯ ಕೆಲವು ಮಾದರಿಗಳು ವಿಡಿಯೋವನ್ನು, ಫೋಟೋ ಜೊತೆ ತೆಗೆದ ಧ್ವನಿಯನ್ನು ಎಂಎಸ್‌ಸೋನಿ ಅಂತ ಬೇರೆಯೇ ಫೋಲ್ಡರ್‌ನಲ್ಲಿ ಇಡುತ್ತಿದ್ದವು. ಫೋಟೋ ಮಾತ್ರ ಹುಡುಕುವವರು ಅದನ್ನು ಬಿಟ್ಟೇಬಿಡುತ್ತಾರೆ. ಆ ಕಾಲದ ಕ್ಯಾಮೆರಾದಲ್ಲಿ ಅರ್ಧ ನಿಮಿಷದ, ಒಂದು ನಿಮಿಷದ ವಿಡಿಯೋ ಎಲ್ಲರೂ ತೆಗೆಯುತ್ತಿದ್ದರು. ಚಿತ್ರ ಚಿಕ್ಕದು, ಮಸುಕು. ಆದರೆ ಕ್ಯಾಮೆರಾ ಹಿಡಿದವರು ‘ಈ ಕಡೆ ನೋಡಿ, ನಗ್ರೋ’ ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ನಿಮ್ಮ ಅಪ್ಪ ಫೋಟೋದಲ್ಲಿ ಇರುವುದು ಕಡಿಮೆ ಇರಬಹುದು, ತೆಗೆದವರೇ ಅವರಲ್ವಾ. ಅವರ ಧ್ವನಿ ಸಿಗುವುದಿದ್ದರೆ ಆ ಸಣ್ಣ ವಿಡಿಯೋಗಳಲ್ಲೇ. ಅವು ವಿಂಡೋಸ್‌ನಲ್ಲಿ ತೆರೆಯದಿದ್ದರೆ ಕೆಟ್ಟಿವೆ ಅಂದುಕೊಳ್ಳಬೇಡಿ, ವಿಎಲ್‌ಸಿ ಪ್ಲೇಯರ್ ಹಾಕಿ ನೋಡಿ, ಉಚಿತವಾಗಿ ಸಿಗುತ್ತದೆ.

ಕಾಪಿ ಅಂದೆ, ಕಟ್ ಅನ್ನಲಿಲ್ಲ. ವರ್ಷಗಳ ಹಿಂದೆ ನನ್ನ ತಂಗಿಯ ನಿಶ್ಚಿತಾರ್ಥದ ಫೋಟೋಗಳನ್ನು ನಾನು ಕಾರ್ಡಿನಿಂದ ಕಟ್ ಮಾಡಿ ಹಾಕುತ್ತಿದ್ದೆ. ಮಧ್ಯದಲ್ಲಿ ಕರೆಂಟ್ ಹೋಯಿತು. ಕಾರ್ಡಿನಿಂದ ಹೋದವು ಹೋದವು, ಕಂಪ್ಯೂಟರಿಗೆ ಬಂದವುಗಳಲ್ಲಿ ಹತ್ತಾರು ಫೈಲ್ ಅರ್ಧಕ್ಕೆ ನಿಂತಿದ್ದವು, ಮೇಲೆ ಮುಖ, ಕೆಳಗೆ ಬರೀ ಬೂದು ಬಣ್ಣ. ನಮ್ಮ ಅಜ್ಜಿ ಮನೆಯಿಂದ ಹೊರಗೆ ಬಂದ ಕೊನೆಯ ಸಮಾರಂಭ ಅದು. ಅವರಿದ್ದ ಎರಡು ಫೋಟೋ ಇವತ್ತಿಗೂ ಹಾಗೇ ಇವೆ. ಅಂದಿನಿಂದ ನಾನು ಯಾರ ಕಾರ್ಡಿನಿಂದಲೂ ಏನನ್ನೂ ಕಟ್ ಮಾಡಿಲ್ಲ.

ಕಾಪಿ ಮುಗಿದ ಮೇಲೆ ಎರಡೂ ಕಡೆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಹೊಂದಬೇಕು. ಆಮೇಲೆ ಫೋಟೋಗಳನ್ನು ಒಂದೊಂದಾಗಿ ಪೂರ್ತಿ ತೆರೆದು ನೋಡಿ. ಸುಮ್ನೆ ಸಣ್ಣ ಚಿತ್ರಗಳ ಸಾಲು ನೋಡಿ ಎಲ್ಲ ಸರಿ ಇದೆ ಅನ್ನಬೇಡಿ. ಪ್ರತಿ ಫೋಟೋ ಫೈಲಿನೊಳಗೆ ಒಂದು ಪುಟ್ಟ ಚಿತ್ರ ಬೇರೆಯಾಗಿಯೇ ಕೂತಿರುತ್ತದೆ. ದೊಡ್ಡ ಚಿತ್ರ ಹಾಳಾಗಿದ್ದರೂ ಆ ಪುಟ್ಟದ್ದು ಚೆನ್ನಾಗಿಯೇ ಕಾಣಬಹುದು. ಇನ್ನೂರು ಮುನ್ನೂರು ಫೋಟೋ ಅಂದರೆ ಒಂದು ಸಂಜೆಯ ಕೆಲಸ. ಅಮ್ಮನನ್ನು, ಅಕ್ಕನನ್ನು ಪಕ್ಕ ಕೂರಿಸಿಕೊಂಡು ಮಾಡಿ.

ಬೀರುವಿನಲ್ಲಿ ಎರಡನೇ ಕಾರ್ಡ್ ಸಿಕ್ಕರೆ ಅದಕ್ಕೆ ಬೇರೆ ಫೋಲ್ಡರ್ ಮಾಡಿ. ಎರಡೂ ಕಾರ್ಡಿನಲ್ಲಿ ಡಿಎಸ್‌ಸಿ00001 ಅಂತ ಒಂದೇ ಹೆಸರಿನ ಫೋಟೋ ಇರಬಹುದು. ಒಂದೇ ಫೋಲ್ಡರ್‌ಗೆ ಸುರಿದಾಗ ‘ರಿಪ್ಲೇಸ್ ಮಾಡಲೇ’ ಅಂತ ಕೇಳುತ್ತದೆ, ಅವಸರದಲ್ಲಿ ಹೂಂ ಅಂದರೆ ಗೃಹಪ್ರವೇಶದ ಮೇಲೆ ಮದುವೆ ಕೂತು ಗೃಹಪ್ರವೇಶ ಮಾಯವಾಗುತ್ತದೆ. ಒಂದು ಕಾರ್ಡಿಗೆ ಒಂದು ಫೋಲ್ಡರ್, ಅದನ್ನು ಬಿಡಬೇಡಿ.

ಇನ್ನು ನೀವು ಕೇಳದೇ ಇದ್ದ ಒಂದು ವಿಷಯ. ನಿಮ್ಮ ಕ್ಯಾಮೆರಾದ ಒಳಗೇ ಸ್ವಲ್ಪ ಮೆಮೊರಿ ಇರುವ ಸಾಧ್ಯತೆ ಇದೆ. ಆ ಕಾಲದ ಬಹಳಷ್ಟು ಕ್ಯಾಮೆರಾಗಳಲ್ಲಿ ಇರುತ್ತಿತ್ತು, ಹತ್ತಿಪ್ಪತ್ತು ಫೋಟೋ ಹಿಡಿಸುವಷ್ಟು. ಕಾರ್ಡ್ ಹಾಕಲು ಮರೆತ ದಿನ ತೆಗೆದ ಫೋಟೋ ಅದರಲ್ಲಿ ಕೂರುತ್ತದೆ. ಕ್ಯಾಮೆರಾ ತಂದ ಮೊದಲ ದಿನದ ಫೋಟೋಗಳೂ ಎಷ್ಟೋ ಮನೆಗಳಲ್ಲಿ ಅಲ್ಲೇ ಇವೆ, ಯಾಕೆಂದರೆ ಕಾರ್ಡ್ ಕೊಂಡದ್ದು ಆಮೇಲೆ. ಕಾರ್ಡ್ ಹೊರಗೆ ತೆಗೆದು ಕ್ಯಾಮೆರಾ ಹಚ್ಚಿ ನೋಡಿ, ಆಗ ಕಾಣುವುದೆಲ್ಲ ಒಳಗಿನ ಮೆಮೊರಿಯದ್ದು. ಅದನ್ನು ಹೊರಗೆ ತರಲು ಕೇಬಲ್ ಬೇಕು. ಇಲ್ಲವಾದರೆ ಕ್ಯಾಮೆರಾದ ಸೆಟಪ್ ಮೆನುವಿನಲ್ಲಿ ಕಾಪಿ ಅಂತ ಇರುತ್ತದೆ, ಒಳಗಿನದನ್ನು ಕಾರ್ಡಿಗೆ ಹಾಕಿಕೊಡುತ್ತದೆ. ಅದಕ್ಕೆ ಅಪ್ಪನ ಕಾರ್ಡ್ ಬಳಸಬೇಡಿ. ಯಾರಿಂದಲಾದರೂ ಇನ್ನೊಂದು ಡ್ಯುವೊ ಕಾರ್ಡ್ ಕೇಳಿ ತನ್ನಿ.

ಕೇಬಲ್ ದಾರಿಯೇ ಹಿಡಿಯುವುದಾದರೆ, ಫೋನಿನ ಹಳೆಯ ಚಾರ್ಜರ್ ತಂತಿ ತಂದು ತುರುಕಬೇಡಿ. ಆ ಕಾಲದ ಸೋನಿಗಳಲ್ಲಿ ಎಷ್ಟೋ ಮಾದರಿಗೆ ಟಿವಿಗೂ ಕಂಪ್ಯೂಟರಿಗೂ ಸೇರಿಸಿ ಮಾಡಿದ ಅಗಲ ಪಿನ್ನಿನ ಕೇಬಲ್. ಕ್ಯಾಮೆರಾದ ಅಡಿಯಲ್ಲಿರುವ ಮಾದರಿ ಸಂಖ್ಯೆ ಹಾಕಿ ಹುಡುಕಿ ಅದನ್ನೇ ತರಿಸಿ. ಜೋಡಿಸಿದ ಮೇಲೂ ಲ್ಯಾಪ್‌ಟಾಪಿನಲ್ಲಿ ಏನೂ ಕಾಣದಿದ್ದರೆ ಕ್ಯಾಮೆರಾದ ಮೆನುವಿನಲ್ಲಿ ಯುಎಸ್‌ಬಿ ಕನೆಕ್ಟ್ ಎಲ್ಲಿದೆ ನೋಡಿ. ಅದು ಪಿಕ್ಟ್‌ಬ್ರಿಜ್ ಮೇಲೆ ಇದ್ದರೆ ಕ್ಯಾಮೆರಾ ಪ್ರಿಂಟರ್‌ಗಾಗಿ ಕಾಯುತ್ತಿದೆ ಅಂತ ಅರ್ಥ. ಮಾಸ್ ಸ್ಟೋರೇಜ್‌ಗೆ ಬದಲಿಸಿ, ಆಗ ‘ದಿಸ್ ಪಿಸಿ’ಯಲ್ಲಿ ಹೊಸ ಡ್ರೈವ್ ಬರುತ್ತದೆ. ನಿಮ್ಮ ಅಕ್ಕನ ಮನೆಯಲ್ಲಿ ಮ್ಯಾಕ್ ಇದ್ದರೆ ಅದರಲ್ಲಿ ಇಮೇಜ್ ಕ್ಯಾಪ್ಚರ್ ಅಂತ ಮೊದಲಿಂದಲೇ ಇರುತ್ತದೆ, ಅದು ಸಾಕು.

ಬೇರೆ ಕ್ಯಾಮೆರಾ ಇಟ್ಟುಕೊಂಡವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಒಲಿಂಪಸ್, ಫ್ಯೂಜಿಫಿಲ್ಮ್‌ನ ಹಳೆಯವುಗಳಲ್ಲಿ ಎಕ್ಸ್‌ಡಿ ಅಂತ ಕಾರ್ಡ್, 2002ರಲ್ಲಿ ಬಂದದ್ದು, 2 ಜಿಬಿಗಿಂತ ದೊಡ್ಡದು ಬರಲೇ ಇಲ್ಲ. ಅದಕ್ಕೂ ಹಲವು ಸ್ಲಾಟಿನ ರೀಡರ್ ಹುಡುಕಬೇಕು. ಕ್ಯಾನನ್‌ನವರಿಗೆ ಚಿಂತೆ ಕಡಿಮೆ, ಹೆಚ್ಚಿನವು ಎಸ್‌ಡಿ, ಕೇಬಲ್ಲೂ ಸಾಮಾನ್ಯ ಮಿನಿ ಯುಎಸ್‌ಬಿ. ಹಳೆಯ ಎಸ್‌ಡಿ ಕಾರ್ಡನ್ನು ಹೊಸ ರೀಡರ್ ಓದುತ್ತದೆ, ಹೊಸ ಕಾರ್ಡನ್ನು ಹಳೆ ರೀಡರ್ ಓದುವುದಿಲ್ಲ, ಇಷ್ಟು ನೆನಪಿದ್ದರೆ ಸಾಕು. ಕಾಂಪ್ಯಾಕ್ಟ್‌ಫ್ಲ್ಯಾಶ್ ಇರುವವರು ಕಾರ್ಡನ್ನು ನೇರವಾಗಿ ಹಾಕಿ, ಓರೆಯಾಗಿ ಒತ್ತಿದರೆ ರೀಡರಿನ ಸೂಜಿಯಂಥ ಪಿನ್‌ಗಳು ಬಾಗುತ್ತವೆ. ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾಗೆ ಟಾರ್ಚಿನ ಅಗ್ಗದ ಸೆಲ್ ಸಾಲದು, ಆಲ್ಕಲೈನ್ ಇಲ್ಲವೇ ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ (NiMH) ಸೆಲ್ ಹಾಕಿ.

ಒಳ್ಳೆಯ ರೀಡರ್‌ನಲ್ಲೂ ನಿಮ್ಮ ಕಾರ್ಡ್ ಮತ್ತೆ ಫಾರ್ಮ್ಯಾಟ್ ಅಂತಲೇ ಕೇಳಿದರೆ ಆಗ ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಬಳಸಿ. ಅದು ಹರಿದ ಲೆಕ್ಕದ ಪುಸ್ತಕವನ್ನು ನೋಡುವುದೇ ಇಲ್ಲ, ನೇರವಾಗಿ ಕಣಜಕ್ಕೆ ಇಳಿದು ಜೆಪೆಗ್ ಫೋಟೋ ಎಲ್ಲಿ ಶುರುವಾಗುತ್ತದೆ ಅಂತ ಗುರುತು ಹಿಡಿದು ಒಂದೊಂದಾಗಿ ಎತ್ತಿಕೊಡುತ್ತದೆ. ಕಾರ್ಡಿನ ಮೇಲೆ ಏನೂ ಬರೆಯುವುದಿಲ್ಲ. ಸಿಕ್ಕಿದ್ದನ್ನು ಎಲ್ಲಿ ಇಡಲಿ ಅಂತ ಕೇಳಿದಾಗ ಲ್ಯಾಪ್‌ಟಾಪಿನ ಫೋಲ್ಡರ್ ತೋರಿಸಿ, ಅದೇ ಕಾರ್ಡನ್ನು ಮಾತ್ರ ತೋರಿಸಬೇಡಿ. ಫೋಟೋಗಳ ಹಳೆ ಹೆಸರು ಹೋಗುತ್ತದೆ, ಆದರೆ ತೆಗೆದ ದಿನಾಂಕ ಫೋಟೋದೊಳಗೇ ಇರುವುದರಿಂದ ಉಳಿಯುತ್ತದೆ. ಕಾರ್ಡ್ ಹಾಕಿದರೂ ಎಲ್ಲಿಯೂ ಏನೂ ಕಾಣಲಿಲ್ಲ, ಅಥವಾ ಕಾರ್ಡ್ ಕೈಸುಡುವಷ್ಟು ಬಿಸಿಯಾಯಿತು ಅಂದರೆ ಅಲ್ಲಿಗೆ ನಿಲ್ಲಿಸಿ. ಆಮೇಲಿನದು ಡೇಟಾ ರಿಕವರಿ ಮಾಡುವವರ ಕೆಲಸ, ದುಬಾರಿ. ಫೋಟೋ ಸಿಗದಿದ್ದರೆ ದುಡ್ಡೆಷ್ಟು ಅಂತ ಮೊದಲೇ ಕೇಳಿಕೊಂಡು ಕೊಡಿ.

ಫೋಟೋ ಬಂದ ಮೇಲೆ ‘ಇವತ್ತಿನ ತಾರೀಖು ತೋರಿಸುತ್ತಿದೆ’ ಅಂತ ಬಹಳ ಜನ ಬರೆಯುತ್ತಾರೆ. ಅದು ಫೈಲ್ ಕಾಪಿಯಾದ ದಿನ. ವಿಂಡೋಸ್‌ನಲ್ಲಿ ‘ಡೇಟ್ ಟೇಕನ್’ ಅನ್ನುವ ಸಾಲನ್ನು ಸೇರಿಸಿಕೊಂಡರೆ ನಿಜವಾದ ದಿನ ಕಾಣುತ್ತದೆ. ಅಪ್ಪನ ಕ್ಯಾಮೆರಾದಲ್ಲಿ ತಾರೀಖೇ ತಪ್ಪಿದ್ದರೆ ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಎಲ್ಲ ಫೋಟೋಗಳ ದಿನಾಂಕವನ್ನು ಒಟ್ಟಿಗೆ ಹಿಂದೆ ಮುಂದೆ ಸರಿಸಬಹುದು. ಎರಡನೇ ಪ್ರತಿ ಮಾಡಿದ ಮೇಲೆ ಮಾತ್ರ ಅದಕ್ಕೆ ಕೈ ಹಾಕಿ.

ಎರಡನೇ ಪ್ರತಿ ಅಂದರೆ ಇನ್ನೊಂದು ಹಾರ್ಡ್‌ಡಿಸ್ಕ್, ಅದು ಅಕ್ಕನ ಮನೆಯಲ್ಲಿರಲಿ. ನೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕವೂ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಎಲ್ಲ ಮುಗಿದ ಮೇಲೂ ಅಪ್ಪನ ಕಾರ್ಡನ್ನು ಖಾಲಿ ಮಾಡಬೇಡಿ. ಒಂದು ಚಿಕ್ಕ ಲಕೋಟೆಯಲ್ಲಿ ಹಾಕಿ, ಮೇಲೆ ವರ್ಷ ಬರೆದು, ತೇವ ತಾಗದ ಡಬ್ಬಿಯಲ್ಲಿಡಿ.

ರೀಡರ್ ತಂದು ಕಾರ್ಡ್ ಹಾಕಿದಾಗ ಪರದೆಯ ಮೇಲೆ ಏನು ಬಂತು, ಅಕ್ಷರ ಬಿಡದೆ ಹಾಗೇ ಬರೆದು ಕಳಿಸಿ. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.